ವಲಸೆ ಬಂದ ನಿರ್ದೇಶಕ ಮತ್ತು ತಾಲ್ಲೂಕಿನ ಬೆಳ್ಳಿತೆರೆ

ಚಿತ್ರದುರ್ಗ ಎಂದೊಡನೆ ಚಿತ್ರರಸಿಕರಿಗೆ ನೆನಪಾಗುವುದು 1972ರ ‘ನಾಗರಹಾವು’. ತ.ರಾ.ಸು. ಅವರ ಮೂರು ಕಾದಂಬರಿಗಳ ಕಥೆ, ಪುಟ್ಟಣ್ಣ ಕಣಗಾಲರ ನಿರ್ದೇಶನ ಹಾಗೂ ಏಳುಸುತ್ತಿನ ಕೋಟೆ ಸೇರಿ ಅದನ್ನು ಮನೆಮಾತಾಗಿಸಿದವು. ಅದಕ್ಕೆ ಎರಡು ವರ್ಷ ಮೊದಲಿನ ‘ಸಂಸ್ಕಾರ’ದ ಹೆಸರನ್ನು ಜಿಲ್ಲೆಯ ಇಂದಿನ ಪದವಿ ವಿದ್ಯಾರ್ಥಿಗಳು ಪಠ್ಯದಲ್ಲಿ ಕಂಡಿರಬಹುದು; ಚಿತ್ರವನ್ನು ತೆರೆಯ ಮೇಲೆ ನೋಡುವ ಅವಕಾಶ ಅವರಿಗೆಲ್ಲಿದೆ?

ಆ ಚಿತ್ರದ ನಿರ್ಮಾಪಕ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಕನ್ನಡಕ್ಕೆ ವಲಸೆ ಬಂದವರು. 1919ರಲ್ಲಿ ನೆಲ್ಲೂರಿನಲ್ಲಿ ಜನಿಸಿ, ತೆಲುಗಿನ ನವ್ಯ ಕವಿಯಾಗಿ ಹೆಸರಾದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಮದರಾಸಿನಲ್ಲಿ ಜನಪ್ರಿಯ ತೆಲುಗು ಚಿತ್ರಗಳನ್ನು ನಿರ್ಮಿಸಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು.

ಮಾರುಕಟ್ಟೆಯ ಸಿದ್ಧಸೂತ್ರವನ್ನು ಬಲ್ಲ ಈ ನಿರ್ಮಾಪಕರು, ಮೊದಲ ನಿರ್ದೇಶನಕ್ಕೆ ಆರಿಸಿಕೊಂಡದ್ದು ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು. ಚಿತ್ರಕಥೆ ಮತ್ತು ನಾಯಕನ ಪಾತ್ರ ಗಿರೀಶ ಕಾರ್ನಾಡರದು, ಪಿ. ಲಂಕೇಶ್ ನಾರಣಪ್ಪನಾದರು, ಪತ್ನಿ ಸ್ನೇಹಲತಾ ಚಂದ್ರಿಯಾದರು. ರಾಜೀವ ತಾರಾನಾಥರು ಸಂಗೀತ ನೀಡಿದರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ನಿಷೇಧಿಸಿದ್ದ ಈ ಚಿತ್ರವೇ, ಅನಂತರ ಕನ್ನಡಕ್ಕೆ ಮೊತ್ತಮೊದಲ ಬಾರಿಗೆ ರಾಷ್ಟ್ರಪತಿಗಳ ಸ್ವರ್ಣಪದಕ ತಂದಿತು.

ಸ್ವತಂತ್ರ ಮನೋಧರ್ಮಕ್ಕೆ ಈ ದಂಪತಿ ತೆತ್ತ ಬೆಲೆ ದೊಡ್ಡದು. ಲೋಹಿಯಾವಾದಿಗಳಾಗಿದ್ದ ಇಬ್ಬರೂ ತುರ್ತುಪರಿಸ್ಥಿತಿಯನ್ನು ವಿರೋಧಿಸಿದರು. 1976ರಲ್ಲಿ ಬಂಧಿತರಾದ ಸ್ನೇಹಲತಾ ಉಬ್ಬಸದಿಂದ ನರಳುತ್ತಾ ಬೆಂಗಳೂರಿನ ಸೆರೆಮನೆಯಲ್ಲಿ ಸುಮಾರು ಎಂಟು ತಿಂಗಳು ಕಳೆದು, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪಟ್ಟಾಭಿ ಅವರು ‘ಚಂಡಮಾರುತ’ ಸೇರಿದಂತೆ ಮತ್ತೆ ಬೆರಳೆಣಿಕೆಯ ಚಿತ್ರಗಳನ್ನಷ್ಟೇ ನಿರ್ದೇಶಿಸಿ, 2006ರಲ್ಲಿ ನಿಧನರಾದರು.

ಹೊರಗಿನಿಂದ ಬಂದವರು ಭಾಷೆಗೆ ಅಪಾಯ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಿರಿಯೂರು ಸೀಮೆಯಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳನ್ನು ಬಲ್ಲವರಿಗೆ ಆ ಮಾತು ಪೊಳ್ಳೆನಿಸೀತು. ಭಾಷೆ ಬೆಳೆದದ್ದೇ ಇಂಥ ಕೊಡುಕೊಳ್ಳುವಿಕೆಯಿಂದ.

ಆದರೆ ಆ ಬೆಳೆಯ ಫಲ ಬೆಂಗಳೂರಿನ ಚಿತ್ರೋತ್ಸವಗಳ ಆಚೆಗೆ ತಲುಪುತ್ತಿಲ್ಲ. ಸರ್ಕಾರ ಗುಣಾತ್ಮಕ ಚಿತ್ರಗಳಿಗೆ ಸಹಾಯಧನ ನೀಡುತ್ತದೆ. ಅವು ಜನರಿಗೆ ಕಾಣಬೇಕಾದ ವ್ಯವಸ್ಥೆ ಮಾತ್ರ ದುರ್ಬಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಉತ್ಪಾದನೆಗೆ ಹಣ ಹೂಡಿ ವಿತರಣೆಯನ್ನು ಮರೆತಂತೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಚಿತ್ರದುರ್ಗದಲ್ಲಿ ತ.ರಾ.ಸು. ರಂಗಮಂದಿರವಿದೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕಾಲೇಜು ಸಭಾಂಗಣಗಳಿವೆ. ಹಕ್ಕುದಾರರಿಗೆ ನ್ಯಾಯವಾದ ಗೌರವಧನ ಕೊಟ್ಟು, ತಿಂಗಳಿಗೊಂದು ಚಿತ್ರ ತೋರಿಸಬಹುದು. ಸಹಾಯಧನ ಪಡೆದ ಹೊಸ ಚಿತ್ರಗಳಿಗೆ ತಾಲ್ಲೂಕು ಪ್ರದರ್ಶನವನ್ನು ಷರತ್ತಾಗಿಸಬಹುದು. ಪ್ರೇಕ್ಷಕರು ಬರುವರೇ ಎಂಬ ಆಕ್ಷೇಪ ಸಹಜ. ಓದುಗರ ತಲೆ ಎಣಿಸಿ ನಾವು ಗ್ರಂಥಾಲಯಗಳನ್ನು ತೆರೆಯಲಿಲ್ಲ. ಮೊದಲ ಪ್ರದರ್ಶನಕ್ಕೆ ಇಪ್ಪತ್ತು ಮಂದಿ ಬಂದರೂ ಸಾಕು. ಆ ಇಪ್ಪತ್ತರಲ್ಲಿ ಒಬ್ಬ ನಾಳಿನ ನಿರ್ದೇಶಕನೋ ನಿರ್ದೇಶಕಿಯೋ ಇರಬಹುದು.