ಕೋಲು ಕೊಟ್ಟವನು ಎಂಥ ಗೆಳೆಯ?

ಪರೀಕ್ಷೆಗಳು ಮುಗಿದವೆಂದರೆ ಸುದ್ದಗುಂಟೆಪಾಳ್ಯದ ಓಣಿಗಳಲ್ಲಿ ಆಟೋಗಳಿಗೆ ಕೈತುಂಬ ಕೆಲಸ. ಹಾಸಿಗೆ ಸುರುಳಿ, ಬಕೆಟ್ಟು, ಪುಸ್ತಕದ ಪೆಟ್ಟಿಗೆಗಳನ್ನು ಹೇರಿಕೊಂಡು ಕೆಲವು ಹೊರಗೆ ಹೋಗುತ್ತವೆ. ಸ್ವಲ್ಪ ದಿನ ಕಳೆದರೆ ಅಂಥವೇ ಸಾಮಾನು ಹೇರಿಕೊಂಡು ಬೇರೆ ಹುಡುಗರು ಒಳಗೆ ಬರುತ್ತಾರೆ. ಹೆಸರಿನಲ್ಲಿ ಕುಂಟೆಯನ್ನೂ ಪಾಳ್ಯವನ್ನೂ ಉಳಿಸಿಕೊಂಡಿರುವ ಈ ಬಡಾವಣೆ ಇಂದು ವಿದ್ಯಾರ್ಥಿಗಳ ಬೀಡು. ಪಕ್ಕದಲ್ಲೇ 1969ರಲ್ಲಿ ಕಾಲೇಜಾಗಿ ಆರಂಭವಾಗಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಕ್ರೈಸ್ಟ್ ಇದೆ. ಡೇರಿ ವೃತ್ತ, ತಾವರೆಕೆರೆ, ಬಿ.ಟಿ.ಎಂ. ಬಡಾವಣೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಹೀಗಾಗಿ ಮನೆಯ ಮೇಲೆ ಮನೆ ಎದ್ದು, ಅದರ ಮೇಲೆ ಪೇಯಿಂಗ್ ಗೆಸ್ಟ್ ಕೋಣೆಗಳು ಎದ್ದಿವೆ.

ಬೀಳ್ಕೊಡುಗೆಯ ಈ ದಿನಗಳಲ್ಲಿ ಉಡುಗೊರೆಗಳ ವಿನಿಮಯ ನಡೆಯುತ್ತದೆ. ಹೆಸರು ಬರೆಸಿದ ಕಾಫಿ ಮಗ್, ಕೀಲಿಕೈ ಗೊಂಚಲು, ಸೆಂಟಿನ ಬಾಟಲಿ, ಎಲ್ಲರೂ ಸೇರಿ ದುಡ್ಡು ಹಾಕಿ ತಂದ ಕೈಗಡಿಯಾರ. ಕೊಟ್ಟವರ ಪ್ರೀತಿಯನ್ನು ಅನುಮಾನಿಸಬೇಕಿಲ್ಲ. ಆದರೆ ಇವುಗಳಲ್ಲಿ ಒಂದು ಸಮಾನ ಗುಣವಿದೆ: ಯಾರಿಗೆ ಬೇಕಾದರೂ ಕೊಡಬಹುದು. ಹೆಸರೊಂದನ್ನು ಬದಲಾಯಿಸಿದರೆ ಆಯಿತು.

ಹಾಗಲ್ಲದ ಉಡುಗೊರೆ ಹೇಗಿರುತ್ತದೆ? ಒಂದು ಉದಾಹರಣೆ ಇಟ್ಟುಕೊಳ್ಳಿ. ಹಾಸನದ ಕಡೆಯ ಹುಡುಗನೊಬ್ಬ ಸುದ್ದಗುಂಟೆಪಾಳ್ಯದಲ್ಲಿ ನಾಲ್ಕು ವರ್ಷ ಕೋಣೆ ಹಿಡಿದು ಓದಿದ. ಶನಿವಾರ ಸಂಜೆ ಒಂದು ಗಂಟೆ ಪೂಲ್ ಆಡುವುದು ಅವನ ಏಕೈಕ ಚಟ. ಜೊತೆಗಾರನೂ ಒಬ್ಬನೇ, ಅದೇ ಬಡಾವಣೆಯ ಹುಡುಗ. ಪಾರ್ಲರಿನ ಗೋಡೆಗೆ ಒರಗಿಸಿಟ್ಟ ಹತ್ತಾರು ಕೋಲುಗಳಲ್ಲಿ ಹಾಸನದ ಹುಡುಗ ಯಾವಾಗಲೂ ಒಂದನ್ನೇ ಹುಡುಕುತ್ತಿದ್ದ. ಹಿಡಿಯ ಬಳಿ ಬಣ್ಣ ಮಾಸಿದ, 19 ಔನ್ಸ್ ಎಂದು ಅಚ್ಚೊತ್ತಿದ ಹಳೆಯ ಕೋಲು. ಅದು ಬೇರೆಯವರ ಕೈಯಲ್ಲಿದ್ದರೆ ಅವರ ಆಟ ಮುಗಿಯುವ ತನಕ ಕಾಯುತ್ತಿದ್ದ. ಊರಿಗೆ ಹೊರಡುವ ದಿನ ಗೆಳೆಯ ಬಂದು ಉದ್ದನೆಯ ಬಟ್ಟೆಯ ಚೀಲವೊಂದನ್ನು ಕೈಗಿತ್ತ. ಒಳಗೆ ಅದೇ ಕೋಲು! ಪಾರ್ಲರಿನ ಮಾಲೀಕರನ್ನು ಕಾಡಿ ಬೇಡಿ ಕೊಂಡು, ತುದಿಗೆ ಹೊಸ ಚರ್ಮ ಹಾಕಿಸಿ, ಓಣಿಯ ಟೈಲರ್ ಬಳಿ ಚೀಲ ಹೊಲಿಸಿದ್ದ.

ಇನ್ನು ಹಾಸನದ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

"ಇದೇನೋ ಇದು?" ಎಂದರು ತಾಯಿ.

"ಪೂಲ್ ಆಡೋ ಕೋಲಮ್ಮ. ಫ್ರೆಂಡ್ ಕೊಟ್ಟ."

"ಹಳೇ ಕೋಲಾ? ಹೊಸದು ಕೊಡೋಕಾಗ್ಲಿಲ್ವಾ ಅವನಿಗೆ?"

ತಂದೆಯವರ ಪ್ರಶ್ನೆ ಬೇರೆ. "ನಾಲ್ಕು ವರ್ಷ ನೀನು ಓದೋಕೆ ಹೋಗಿದ್ಯೋ, ಕೋಲು ಹಿಡ್ಕೊಂಡು ತಿರುಗೋಕೆ ಹೋಗಿದ್ಯೋ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರವಿದೆ.

ಮೊದಲು ತಾಯಿಯ ಪ್ರಶ್ನೆ. ಪೂಲ್ ಆಟದಲ್ಲಿ ಕೋಲು ಎಂದರೆ ಬರೀ ಕೋಲಲ್ಲ. ಅದರ ಹೆಸರು ಕ್ಯೂ. ಉದ್ದ ಸುಮಾರು ನಾಲ್ಕೂಮುಕ್ಕಾಲು ಅಡಿ. 19 ಔನ್ಸ್ ಎಂದರೆ ಹೆಚ್ಚುಕಡಿಮೆ 540 ಗ್ರಾಂ ತೂಕ. ಮೇಪಲ್ ಮರದ ಕೋಲುಗಳು ಪೂಲ್‌ನಲ್ಲಿ ಹೆಚ್ಚು. ಸ್ನೂಕರ್ ಆಡುವವರಲ್ಲಿ ಆಶ್ ಮರದ್ದಕ್ಕೆ ಮನ್ನಣೆ. ತೂಕದಲ್ಲಿ ಒಂದು ಔನ್ಸ್ ಹೆಚ್ಚುಕಡಿಮೆಯಾದರೂ ಪಳಗಿದ ಕೈಗೆ ಗೊತ್ತಾಗಿಬಿಡುತ್ತದೆ. ಮರವಾದ್ದರಿಂದ ತೇವಕ್ಕೂ ಬಿಸಿಲಿಗೂ ಅದು ಡೊಂಕಾಗಬಹುದು. ಸಾರ್ವಜನಿಕ ಪಾರ್ಲರಿನಲ್ಲಿ ನೂರಾರು ಕೈಗಳಲ್ಲಿ ಓಡಾಡುವ ಕೋಲುಗಳಲ್ಲಿ ನೆಟ್ಟಗಿರುವುದು ಸಿಗುವುದೇ ಅದೃಷ್ಟ. ಅದಕ್ಕೇ ಅನುಭವಿಗಳು ಆಟಕ್ಕೆ ಮುನ್ನ ಕೋಲನ್ನು ಮೇಜಿನ ಮೇಲೆ ಉರುಳಿಸಿ ನೋಡುತ್ತಾರೆ. ಎಗರಾಡದೆ ಸರಾಗವಾಗಿ ಉರುಳಿದರೆ ನೆಟ್ಟಗಿದೆ ಎಂದರ್ಥ.

ತುದಿಯ ಚರ್ಮದ ಬಿಲ್ಲೆಯ ಮಹತ್ವ ಇನ್ನೂ ಹೆಚ್ಚು. ಕೋಲು ಚೆಂಡನ್ನು ಮುಟ್ಟುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲೇ ಚೆಂಡಿನ ವೇಗ, ದಿಕ್ಕು, ತಿರುಗು ಎಲ್ಲವೂ ನಿರ್ಧಾರವಾಗಬೇಕು. ಬರಿಯ ಮರದ ತುದಿ ಚೆಂಡಿನ ಮೇಲೆ ಜಾರುತ್ತದೆ. ಸುಮಾರು 200 ವರ್ಷಗಳ ಹಿಂದೆ ಫ್ರಾನ್ಸಿನಲ್ಲಿ ಚರ್ಮದ ತುದಿ ಬಳಕೆಗೆ ಬಂದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಚೆಂಡಿನ ನಡುಭಾಗವನ್ನು ಬಿಟ್ಟು ಅಂಚಿಗೆ ಹೊಡೆದು ಅದನ್ನು ತಿರುಗಿಸುವ ವಿದ್ಯೆ ಆಗ ಬೆಳೆಯಿತು. ತುದಿಗೆ ತಿಕ್ಕುವ ನೀಲಿ ಚಾಕ್ ಕೂಡ ಕರಿಹಲಗೆಯ ಸೀಮೆಸುಣ್ಣವಲ್ಲ. ಹಿಡಿತ ಹೆಚ್ಚಿಸುವ ಸಿಲಿಕಾದಂಥ ಒರಟು ಪುಡಿಗಳ ಮಿಶ್ರಣವದು. ಅಮೆರಿಕದ ಸ್ಪಿಂಕ್ಸ್ ಮತ್ತು ಹೋಸ್ಕಿನ್ಸ್ ಎಂಬಿಬ್ಬರು 1897ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಹಳೆಯ ಬಿಲ್ಲೆ ಹೊಡೆತ ತಿಂದು ತಿಂದು ಅಣಬೆಯ ಹಾಗೆ ಅಗಲವಾಗುತ್ತದೆ. ಅದನ್ನು ಕಿತ್ತು, ಹೊಸದನ್ನು ಅಂಟಿಸಿ, ಗುಂಡಗೆ ಉಜ್ಜಿ ಕೊಡುವುದು ನಾಜೂಕಿನ ಕೆಲಸ.

ಈಗ ಹೇಳಿ: ಅಂಗಡಿಯಿಂದ ಥಳಥಳಿಸುವ ಹೊಸ ಕೋಲನ್ನು ತಂದುಕೊಡಲು ಹಣ ಸಾಕು. ಗೆಳೆಯನ ಕೈ ಯಾವ ಕೋಲಿಗೆ ಒಗ್ಗಿದೆ, ಅದರ ತುದಿ ಎಷ್ಟು ಸವೆದಿದೆ ಎಂದು ತಿಳಿಯಲು ನಾಲ್ಕು ವರ್ಷ ಬೇಕು. ತಾಯಿಯ ಪ್ರಶ್ನೆಗೆ ಉತ್ತರ ಇದು. ಹಳೆಯದಾಗಿದ್ದರಿಂದಲೇ ಅದಕ್ಕೆ ಬೆಲೆ.

ಇಷ್ಟು ಸೂಕ್ಷ್ಮವಾಗಿ ಆ ಗೆಳೆಯ ಗಮನಿಸಿದ್ದಾದರೂ ಹೇಗೆ? ಆಟದ ರೀತಿಯಲ್ಲೇ ಅದಕ್ಕೆ ಕಾರಣವಿದೆ. ಕ್ರಿಕೆಟ್, ಕಬಡ್ಡಿ, ಷಟಲ್‌ಗಳಲ್ಲಿ ಇಬ್ಬರೂ ಒಟ್ಟಿಗೆ ಓಡುತ್ತಿರುತ್ತಾರೆ; ಎದುರಾಳಿಯನ್ನು ನಿಂತು ನೋಡಲು ಪುರುಸೊತ್ತಿಲ್ಲ. ಪೂಲ್‌ನಲ್ಲಿ ಹಾಗಲ್ಲ. ಒಬ್ಬ ಆಡುವಾಗ ಇನ್ನೊಬ್ಬ ಸುಮ್ಮನೆ ಕುಳಿತಿರಬೇಕು. ಅವನು ತಪ್ಪುವ ತನಕ ಇವನ ಸರದಿ ಬರುವುದಿಲ್ಲ. ಅಂದರೆ ಆಟದ ಅರ್ಧ ಭಾಗ ಇನ್ನೊಬ್ಬನನ್ನು ನೋಡುವುದೇ. ಅವನು ಸೋಲುವಾಗ ಹೇಗೆ ಉಸಿರಾಡುತ್ತಾನೆ, ಗೆಲ್ಲುವ ಹೊತ್ತಿಗೆ ಹೇಗೆ ಆತುರಪಡುತ್ತಾನೆ ಎಲ್ಲವೂ ಎದುರು ಕುಳಿತವನಿಗೆ ಬಾಯಿಪಾಠ.

ಇನ್ನೊಂದು ಸಂಗತಿಯೂ ಇದೆ. ಪಾರ್ಲರುಗಳಲ್ಲಿ ರೆಫರಿ ಇರುವುದಿಲ್ಲ. ಬಾಗಿ ಹೊಡೆಯುವಾಗ ಅಂಗಿಯ ತೋಳು ಪಕ್ಕದ ಚೆಂಡಿಗೆ ತಾಗಿದರೆ ಅದು ಫೌಲ್. ಅದು ಆಡುವವನಿಗೆ ಮಾತ್ರ ಗೊತ್ತು. "ತಾಗ್ತು ಕಣೋ" ಎಂದು ತಾನೇ ಹೇಳಿ ಸರದಿ ಬಿಟ್ಟುಕೊಡುವುದು ಈ ಆಟಗಳ ಹಳೆಯ ಮರ್ಯಾದೆ. ನಾಲ್ಕು ವರ್ಷ ಹೀಗೆ ಆಡಿದ ಗೆಳೆಯ ನಂಬಿಕೆಗೆ ಅರ್ಹನೋ ಅಲ್ಲವೋ ಎಂದು ಹೇಳಲು ಬೇರೆ ಸರ್ಟಿಫಿಕೇಟು ಬೇಕೆ?

ಇನ್ನು ತಂದೆಯವರ ಪ್ರಶ್ನೆ. ಪೂಲ್ ಎಂದರೆ ಹಿರಿಯರು ಹುಬ್ಬು ಗಂಟಿಕ್ಕುವುದು ನಮ್ಮಲ್ಲಿ ಮಾತ್ರವಲ್ಲ. ಆ ಹೆಸರಿನ ಬೆನ್ನಿಗೇ ಕಳಂಕ ಅಂಟಿದೆ. ಪೂಲ್ ಎಂದರೆ ಮೂಲದಲ್ಲಿ ಎಲ್ಲರೂ ಸೇರಿಸಿಟ್ಟ ಪಣದ ಹಣ. 19ನೇ ಶತಮಾನದ ಅಮೆರಿಕದಲ್ಲಿ ಪೂಲ್‌ರೂಮ್ ಎಂದರೆ ಕುದುರೆ ಜೂಜಿನ ಅಡ್ಡೆ. ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ನಡುವೆ ಗಿರಾಕಿಗಳು ಹೊತ್ತು ಕಳೆಯಲೆಂದು ಅಲ್ಲಿ ಬಿಲಿಯರ್ಡ್ಸ್ ಮೇಜುಗಳನ್ನು ಹಾಕಿದರು. ಜೂಜಿನ ಹೆಸರು ಆಟಕ್ಕೆ ಅಂಟಿಕೊಂಡಿತು. ಜೂಜಿನ ಕೆಟ್ಟ ಹೆಸರೂ ಅಂಟಿತು. ಮಾಡಿದ್ದು ಜೂಜು, ಉಂಡದ್ದು ಆಟ.

ಆಟವೇ ಕೆಟ್ಟದ್ದಾಗಿದ್ದರೆ ಈ ದೇಶಕ್ಕೆ ಅದರಿಂದ ಇಷ್ಟು ಕೀರ್ತಿ ಬರುತ್ತಿರಲಿಲ್ಲ. ಪೂಲ್‌ನ ಸೋದರ ಆಟವಾದ ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ. ಮುಂದೆ ನಿಯಮಗಳು ರೂಪುಗೊಂಡದ್ದು ಮೈಸೂರಿಗೆ ಅನತಿ ದೂರದ ಊಟಿಯಲ್ಲಿ. ಯಾವುದೇ ಕ್ರೀಡೆಯಲ್ಲಿ ವೈಯಕ್ತಿಕವಾಗಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ವಿಲ್ಸನ್ ಜೋನ್ಸ್. 1958ರಲ್ಲಿ ಕಲ್ಕತ್ತದಲ್ಲಿ ಅವರು ಗೆದ್ದದ್ದು ಬಿಲಿಯರ್ಡ್ಸ್‌ನಲ್ಲಿ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಗೀತ್ ಸೇಠಿ ಮತ್ತು ಅಶೋಕ್ ಶಾಂಡಿಲ್ಯ ಜೋಡಿಯಾಗಿ ಬಿಲಿಯರ್ಡ್ಸ್ ಚಿನ್ನ ಗೆದ್ದರು. ಅದೇ ಕೂಟದ ಸಿಂಗಲ್ಸ್‌ನಲ್ಲಿ ಶಾಂಡಿಲ್ಯ ಅವರಿಗೆ ಚಿನ್ನ, ಸೇಠಿ ಅವರಿಗೆ ಬೆಳ್ಳಿ. ಜೊತೆಗಾರನೇ ಎದುರಾಳಿ, ಎದುರಾಳಿಯೇ ಜೊತೆಗಾರ. ಈ ಆಟದ ಸ್ನೇಹ ಇರುವುದೇ ಹೀಗೆ.

ದೂರ ಹೋಗುವುದೇಕೆ, ಬೆಂಗಳೂರನ್ನೇ ನೋಡಿ. ಪಂಕಜ್ ಅಡ್ವಾಣಿ ಈ ಊರಿನಲ್ಲಿ ಬೆಳೆದವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಸ್ನೂಕರ್ ಪಾರ್ಲರಿನ ಬಾಗಿಲು ತೋರಿಸಿದ್ದು ಅಣ್ಣ ಶ್ರೀ. ಮಾಜಿ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಅರವಿಂದ ಸವೂರ್ ಅವರ ಬಳಿ ಕಲಿಯಲು ಹೋದಾಗ, ಹುಡುಗ ಇನ್ನೂ ಗಿಡ್ಡ ಎಂದು ಅವರು ಮೊದಲು ಒಪ್ಪಲಿಲ್ಲವಂತೆ; ಆಮೇಲೆ ಅವರೇ ಗುರುವಾದರು. ಪಂಕಜ್ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಕಿರೀಟ ಗೆದ್ದಾಗ ವಯಸ್ಸು 18. 2006 ಮತ್ತು 2010ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 2018ರಲ್ಲಿ ಪದ್ಮಭೂಷಣ. 2024ರ ನವೆಂಬರ್ ವೇಳೆಗೆ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28. ಅಣ್ಣ ಶ್ರೀ ಕ್ರೀಡಾ ಮನೋವಿಜ್ಞಾನಿಯಾದರು. ಮಗ ಪಾರ್ಲರಿಗೆ ಹೋಗುತ್ತಾನೆಂದು ಆ ತಾಯಿ ಬಾಗಿಲು ಹಾಕಿದ್ದರೆ?

ಹುಡುಗರ ಆಟವೆಂದೂ ಇದನ್ನು ತಳ್ಳುವಂತಿಲ್ಲ. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಸಚಿವಾಲಯ ಕ್ಲಬ್ಬಿನ ಮೇಜಿನಲ್ಲಿ ಆಟ ಕಲಿತ ಬೆಂಗಳೂರಿನ ಉಮಾದೇವಿ ನಾಗರಾಜ್ 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಚಾಂಪಿಯನ್ ಆದರು.

ಹಾಗೆಂದು ಪಾರ್ಲರಿಗೆ ಹೋಗುವವರೆಲ್ಲ ಅಡ್ವಾಣಿ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ತಂದೆ-ತಾಯಿ ಕೇಳಬೇಕಾದ ಪ್ರಶ್ನೆಗಳಿವೆ. ವಾರಕ್ಕೆ ಎಷ್ಟು ಗಂಟೆ? ದುಡ್ಡು ಎಲ್ಲಿಂದ? ಸೋತವನು ಮೇಜಿನ ಬಾಡಿಗೆ ಕೊಡುವ ಪದ್ಧತಿಯೋ, ಅಥವಾ ಅದಕ್ಕೂ ಮೇಲೆ ಪಣವಿದೆಯೋ? ಸಿಗರೇಟಿನ ಹೊಗೆಯಲ್ಲಿ ಆಟವೋ? ತರಗತಿಯ ಹಾಜರಿ ಎಷ್ಟು? ಇವಕ್ಕೆ ಮಗ ಕಣ್ಣಲ್ಲಿ ಕಣ್ಣಿಟ್ಟು ಉತ್ತರಿಸಿದರೆ ಹೆದರಬೇಕಿಲ್ಲ. ತಡವರಿಸಿದರೆ ಆಗ ಚಿಂತಿಸಬೇಕು. ಆದರೆ ಕೋಲನ್ನು ಕಂಡ ಕ್ಷಣವೇ ಕೊಟ್ಟವನನ್ನು ಪೋಲಿ ಎಂದು ತೀರ್ಮಾನಿಸಿದರೆ, ಮುಂದೆ ಮಗ ಉಡುಗೊರೆಗಳನ್ನು ಮುಚ್ಚಿಡುತ್ತಾನೆ. ಅದರ ಜೊತೆಗೆ ಗೆಳೆಯರನ್ನೂ ಮುಚ್ಚಿಡುತ್ತಾನೆ. ನಷ್ಟ ಯಾರಿಗೆ?

ವಿದ್ಯಾರ್ಥಿಗಳಿಗೂ ಒಂದು ಮಾತು. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆದುಕೊಳ್ಳುವ ಪದ್ಧತಿಯಿದೆ. ಯಾರು ಎಷ್ಟು ಹಾಕಿದರು ಎಂದು ಪಟ್ಟಿ ಮಾಡಿ, ಅವರ ಮನೆಯ ಶುಭಕಾರ್ಯಕ್ಕೆ ಅಷ್ಟನ್ನು ಹಿಂದಿರುಗಿಸುತ್ತಾರೆ. ಅದು ಲೋಕವ್ಯವಹಾರ, ತಪ್ಪಲ್ಲ. ಆದರೆ ಗಮನವಿಟ್ಟು ಕೊಟ್ಟ ಉಡುಗೊರೆಗೆ ಮುಯ್ಯಿ ಪಟ್ಟಿಯಲ್ಲಿ ಜಾಗವಿಲ್ಲ. ಅಷ್ಟೇ ಬೆಲೆಯ ಇನ್ನೊಂದನ್ನು ಅವಸರದಲ್ಲಿ ತಂದುಕೊಟ್ಟರೆ ಲೆಕ್ಕ ಚುಕ್ತಾ ಆಗಬಹುದು, ಋಣ ತೀರುವುದಿಲ್ಲ. ಅದಕ್ಕೆ ಪ್ರತಿಯಾಗಿ ಮಾಡಬಹುದಾದದ್ದು ಎರಡೇ. ಒಂದು, ಕೊಟ್ಟದ್ದನ್ನು ಬಳಸುವುದು. ಅಟ್ಟದ ಮೇಲೆ ಎಸೆದ ಕೋಲು ಬಾಗುತ್ತದೆ, ಸ್ನೇಹವೂ ಅಷ್ಟೆ. ಎರಡು, ತಾನೂ ಗಮನಿಸಲು ಕಲಿಯುವುದು. ಜೊತೆಗಾರನ ಕನ್ನಡಕದ ಕಡ್ಡಿ ಮುರಿದು ಎಷ್ಟು ದಿನವಾಯಿತು, ಯಾವ ಪುಸ್ತಕವನ್ನು ಅವನು ಗ್ರಂಥಾಲಯದಿಂದ ಮೂರು ಸಲ ತಂದ ಎಂದು ತಿಳಿದಿದ್ದರೆ ಉಡುಗೊರೆಗೆ ಅಂಗಡಿ ಅಲೆಯಬೇಕಿಲ್ಲ.

ತಂದೆ-ತಾಯಿಗಳಿಗೆ ಉಳಿದಿರುವುದು ಸುಲಭದ ಕೆಲಸ. ಮಗನ ಸಹವಾಸ ಎಂಥದ್ದು ಎಂದು ತಿಳಿಯಲು ಪತ್ತೇದಾರಿಕೆ ಬೇಡ. ಕೋಲು ಕೊಟ್ಟವನ ಹೆಸರು ಕೇಳಿ, ಮುಂದಿನ ರಜೆಯಲ್ಲಿ ಅವನನ್ನು ಊಟಕ್ಕೆ ಕರೆಯಿರಿ. ಎಲೆಯ ಮುಂದೆ ಕುಳಿತ ಹುಡುಗನನ್ನು ಅಳೆಯುವುದು ಮನೆಯ ಹಿರಿಯರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ನಾಲ್ಕು ವರ್ಷ ನಿಮ್ಮ ಮಗನನ್ನು ಅವನು ಎದುರು ಕುಳಿತು ನೋಡಿದ್ದಾನೆ. ನಿಮಗೇ ಗೊತ್ತಿಲ್ಲದ ನಿಮ್ಮ ಮಗನ ಒಂದೆರಡು ಒಳ್ಳೆಯ ಗುಣಗಳನ್ನು ಅವನು ಹೇಳಿದರೆ ಆಶ್ಚರ್ಯಪಡಬೇಡಿ.