ನೆನಪಿಡಲು ಏನೂ ಇಲ್ಲದಾಗ ವೇರಿಯೇಬಲ್ ಏಕೆ?

ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಿಂದ ಆರ್ಡುಯಿನೊ ಊನೊ ಬೋರ್ಡು ತರುವ ಹುಡುಗರು ಮೊದಲು ಕಲಿಯುವುದು ಎಲ್‌ಇಡಿ ಮಿನುಗಿಸುವುದನ್ನು. ಹಳೆಯ ಪಾಠಗಳಲ್ಲಿ ಅದರ ಮೊದಲ ಸಾಲೇ ‘ಇಂಟ್ ಎಲ್‌ಇಡಿ = 13’. ಇದು ಅಡ್ಡದಾರಿಯ ಆರಂಭ ಎಂದು ನನ್ನ ಅಭಿಪ್ರಾಯ. ಪ್ರೋಗ್ರಾಂ ಓಡುವಷ್ಟು ಹೊತ್ತೂ ಆ 13 ಬದಲಾಗದು. ಓದಲು ಸುಲಭವಾಗಲೆಂದು ಹೆಸರು ಬೇಕೇ, ‘ಕಾನ್‌ಸ್ಟ್’ ಇದೆ.

ವೇರಿಯೇಬಲ್ ನಿಜಕ್ಕೂ ಬೇಕಾಗುವುದು ಬಟನ್ ಬಂದಾಗ. ಒಮ್ಮೆ ಒತ್ತಿದರೆ ದೀಪ ಹತ್ತಬೇಕು, ಮತ್ತೊಮ್ಮೆ ಒತ್ತಿದರೆ ಆರಬೇಕು. ಹೋದ ಸುತ್ತಿನಲ್ಲಿ ಬಟನ್ ಹೇಗಿತ್ತೆಂಬುದು ಈ ಸುತ್ತಿನ ಲೂಪ್‌ಗೆ ಗೊತ್ತಿಲ್ಲದಿದ್ದರೆ, ಬೆರಳು ತೆಗೆಯುವವರೆಗೂ ದೀಪ ಹತ್ತಿ ಆರುತ್ತಲೇ ಇರುತ್ತದೆ. ಆ ನೆನಪನ್ನು ಲೂಪ್‌ನ ಒಳಗೇ ಸುಮ್ಮನೆ ಘೋಷಿಸಿದರೆ ಪ್ರತಿ ಸುತ್ತಿಗೂ ಹೊಸದಾಗಿ ಹುಟ್ಟುತ್ತದೆ, ಹಳೆಯದು ಹೋಯಿತು. ಹೊರಗಿಡಬೇಕು. (‘ಸ್ಟ್ಯಾಟಿಕ್’ ಹಾಕಿದರೆ ಮಾತು ಬೇರೆ.)

ಅಳತೆಯ ಪ್ರಶ್ನೆಯೂ ಆಗಲೇ ಏಳುತ್ತದೆ. ಊನೊದಲ್ಲಿ ಇಂಟ್ ಎಂದರೆ ಎರಡು ಬೈಟ್, 32,767ರ ತನಕ ಮಾತ್ರ. ಮಿಲಿಸೆಕೆಂಡುಗಳ ಲೆಕ್ಕ ಅದರಲ್ಲಿಟ್ಟರೆ 33 ಸೆಕೆಂಡಿನೊಳಗೆ ತುಂಬಿ ಋಣಸಂಖ್ಯೆಗೆ ಜಾರುತ್ತದೆ.

ಮೇಷ್ಟರಲ್ಲಿ ಕೇಳಿಕೊಳ್ಳುವುದಿಷ್ಟೇ: ಮೊದಲ ದಿನ ವೇರಿಯೇಬಲ್ ಬೇಡ. ಬಟನ್ ಕೊಡಿ, ದೀಪ ಹುಚ್ಚು ಹಿಡಿದಂತೆ ಆಡಲಿ. “ಇದಕ್ಕೆ ಏನೂ ನೆನಪಿರಲ್ವಾ?” ಎಂದು ಅವರೇ ಕೇಳಿದಾಗ ಹೇಳಿಕೊಡಿ.