ಈಗ ಎದುರಾಳಿಯ ಪಾಳಿ

ಸಿಯಾಟಲ್ ನಗರದ ಹಾಳುಬಿದ್ದ ಥಿಯೇಟರ್. ಹತ್ತೊಂಬತ್ತರ ಎಲೀಯ ಎದುರು ಪಿಸ್ತೂಲು ಹಿಡಿದು ನಿಂತಿದ್ದಾಳೆ ಆ್ಯಬಿ. ಎಲೀಯ ಗೆಳೆಯನೊಬ್ಬ ಆಗಲೇ ಹೆಣವಾಗಿದ್ದಾನೆ. ತನ್ನನ್ನು ಮಗಳಂತೆ ಸಾಕಿದ ಜೋಯಲ್‌ನನ್ನು ಗಾಲ್ಫ್ ಕೋಲಿನಿಂದ ಬಡಿದು ಕೊಂದ ಈ ಆ್ಯಬಿಗಾಗಿಯೇ ಎಲೀ ಇಷ್ಟು ದೂರ ಬಂದಿರುವುದು. ಆಟಗಾರನೂ ಗಂಟೆಗಟ್ಟಲೆ ಕಂಟ್ರೋಲರ್ ಹಿಡಿದು ಅವಳ ಜೊತೆಗೇ ಬಂದಿದ್ದಾನೆ. ಇನ್ನೇನು ಲೆಕ್ಕ ಚುಕ್ತಾ ಆಗಬೇಕು, ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಮತ್ತೆ ಬೆಳಕು ಬಂದಾಗ ಕತೆ ವರ್ಷಗಳಷ್ಟು ಹಿಂದಕ್ಕೆ ಹೋಗಿದೆ. ಕಂಟ್ರೋಲರ್‌ನ ಕಡ್ಡಿ ಅಲುಗಿಸಿದರೆ ಹೆಜ್ಜೆ ಇಡುವವಳು ಆ್ಯಬಿ.

ನಾಟಿ ಡಾಗ್ ಸಂಸ್ಥೆ 2020ರ ಜೂನ್‌ನಲ್ಲಿ ಹೊರತಂದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಗೇಮ್‌ನ ನಟ್ಟನಡುವಿನ ಘಟ್ಟ ಇದು. (ಕತೆಯ ಗುಟ್ಟು ಬಿಚ್ಚದೆ ಮುಂದೆ ಬರೆಯಲಾಗದು. ಆಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿದರೂ ಬೇಸರವಿಲ್ಲ.) ಎಲೀಯಾಗಿ ಕಳೆದ ಸಿಯಾಟಲ್‌ನ ಅದೇ ಮೂರು ದಿನಗಳನ್ನು ಇನ್ನು ಆ್ಯಬಿಯಾಗಿ ಕಳೆಯಬೇಕು. ಆಮೇಲೆಯೇ ಥಿಯೇಟರಿಗೆ ವಾಪಸು. ವಿಮರ್ಶಕರು ಹೊಗಳಿದರು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ದೊಡ್ಡ ಪ್ರಶಸ್ತಿಯೂ ಬಂತು. ಆಟಗಾರರಲ್ಲಿ ದೊಡ್ಡ ಗುಂಪೊಂದು ಕೆಂಡವಾಯಿತು. ಬಿಡುಗಡೆಯ ಬೆನ್ನಿಗೇ ಸೊನ್ನೆ ಅಂಕಗಳ ಸುರಿಮಳೆಯಾಯಿತು, ಆ್ಯಬಿಗೆ ದನಿ ಕೊಟ್ಟ ನಟಿ ಲಾರಾ ಬೈಲಿಗೆ ಕೊಲೆಬೆದರಿಕೆಗಳು ಬಂದವು. ಆಡದೆಯೇ ಬೈದವರನ್ನೂ, ಹೆಣ್ಣಿನ ತೋಳಿನ ಸ್ನಾಯು ಕಂಡು ಸಿಡಿಮಿಡಿಗೊಂಡವರನ್ನೂ ಪಕ್ಕಕ್ಕಿಡೋಣ. ಪೂರ್ತಿ ಆಡಿ, ಯೋಚಿಸಿ, ಆ ತಿರುವು ತಪ್ಪು ಎಂದವರೂ ಇದ್ದಾರೆ. ಅವರ ಮಾತಿಗೆ ತೂಕವಿದೆ.

ಒಂದೇ ಕತೆಯನ್ನು ಹಲವರ ಕಣ್ಣಿಂದ ಹೇಳುವುದು ನಮಗೇನೂ ಹೊಸತಲ್ಲ. ಹಾಗೆ ಹೇಳಿದ ಭೈರಪ್ಪನವರ ಕಾದಂಬರಿ 'ಪರ್ವ' ಬಂದದ್ದು 1979ರಲ್ಲಿ. 2014ರ ಸಿನಿಮಾ 'ಉಳಿದವರು ಕಂಡಂತೆ' ಹೆಸರಿನಲ್ಲೇ ಅದನ್ನು ಸಾರಿಕೊಂಡಿತು. ಆದರೆ ಕಾದಂಬರಿಯಲ್ಲಿ, ಸಿನಿಮಾದಲ್ಲಿ ದೃಷ್ಟಿ ಬದಲಾದರೆ ಓದುಗನಿಗೆ, ನೋಡುಗನಿಗೆ ಕಳೆದುಕೊಳ್ಳುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಗೇಮ್‌ನಲ್ಲಿ ಇರುತ್ತದೆ. ಪರ ವಿರೋಧದ ವಾದಗಳೆರಡೂ ಹುಟ್ಟುವುದು ಈ ಒಂದು ವ್ಯತ್ಯಾಸದಿಂದಲೇ.

ಮೊದಲು ಪರ ವಾದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಲೀ ಆ್ಯಬಿಯ ಗೆಳತಿ ನೋರಾಳನ್ನು ಮೂಲೆಗೊತ್ತುತ್ತಾಳೆ. ಆ್ಯಬಿ ಎಲ್ಲಿದ್ದಾಳೆಂದು ನೋರಾ ಬಾಯಿಬಿಡುವುದಿಲ್ಲ. ಎಲೀಯ ಕೈಯಲ್ಲಿ ಕಬ್ಬಿಣದ ಪೈಪು. ಪರದೆಯ ಮೇಲೆ ಚೌಕದ ಗುರುತು ಮೂಡುತ್ತದೆ. ಆ ಬಟನ್ ಒತ್ತುವವರೆಗೆ ಎಲೀ ಪೈಪು ಬೀಸುವುದಿಲ್ಲ. ಒಂದು ಸಲ ಒತ್ತಿದರೆ ಮುಗಿಯುವುದೂ ಇಲ್ಲ. ಗಂಟೆಗಳ ಬಳಿಕ ಆಟಗಾರ ಆ್ಯಬಿಯಾಗಿ ಅದೇ ಆಸ್ಪತ್ರೆಗೆ ಬರುತ್ತಾನೆ. ಗಾಯಗೊಂಡ ಹುಡುಗಿಯೊಬ್ಬಳ ಶಸ್ತ್ರಚಿಕಿತ್ಸೆಗೆ ಸಾಮಾನು ಬೇಕು. ಆಗ ಕೈಜೋಡಿಸುವವಳು ಇದೇ ನೋರಾ. ಅವಳಿಗೆ ಮುಂದೇನಾಗಲಿದೆ ಎಂಬುದು ಆಟಗಾರನ ಹೆಬ್ಬೆರಳಿಗೆ ಗೊತ್ತು. ಕೊಂದದ್ದು ಯಾರನ್ನು ಎಂದು ಕಾದಂಬರಿಯೂ ಹೇಳೀತು, ಆದರೆ ಮಾಡಿದ ಕೈಯನ್ನೇ ಕರೆತಂದು ಕೂರಿಸಲು ಅದಕ್ಕಾಗದು.

ಆ್ಯಬಿಯ ಪಾಳಿ ಬರಿಯ ವೇಷ ಬದಲಾವಣೆಯೂ ಅಲ್ಲ. ಎಲೀಯ ಜೇಬಿನ ಚಾಕು ಎಂದೂ ಮುರಿಯುವುದಿಲ್ಲ. ಕ್ಲಿಕರ್ ಎಂಬ ಕುರುಡು ಭೂತಗಳನ್ನು ಸದ್ದಿಲ್ಲದೆ ಮುಗಿಸಬೇಕಾದರೆ ಆ್ಯಬಿ ಪ್ರತಿ ಸಲವೂ ಹೊಸ ಚೂರಿ ಮಾಡಿಕೊಳ್ಳಬೇಕು. ಎಲೀ ನುಸುಳುವ ಕಡೆ ಆ್ಯಬಿ ಮುಷ್ಟಿಯಿಂದ ಗುದ್ದುತ್ತಾಳೆ. ಮುಗಿಲೆತ್ತರದ ಕಟ್ಟಡಗಳ ನಡುವಿನ ತೂಗುಸೇತುವೆ ದಾಟುವಾಗ ಅವಳಿಗೆ ಎತ್ತರದ ಭಯ. ಕೆಳಗೆ ನೋಡಿದರೆ ಪರದೆಯೇ ತೇಲಿದಂತಾಗಿ ಉಸಿರು ಏರುತ್ತದೆ. ಆಟಗಾರನ ಕೈಯೂ ನಿಧಾನವಾಗುತ್ತದೆ. ನನ್ನ ಮಟ್ಟಿಗೆ ಆ್ಯಬಿ ಮನುಷ್ಯಳಾಗುವುದು ಆ ಸೇತುವೆಯ ಮೇಲೆ.

ಕೊನೆಗೆ ಥಿಯೇಟರಿಗೆ ಮರಳಿದಾಗ ಎದುರಾಳಿ ಎಲೀ. ಅಡಗಿ ಕೂರುವುದು, ಹೊಂಚುಹಾಕುವುದು, ಬಾಂಬು ನೆಟ್ಟು ಕಾಯುವುದು, ಹೀಗೆ ಇಷ್ಟು ಹೊತ್ತು ಆಟಗಾರ ಅವಳಿಂದ ಮಾಡಿಸಿದ್ದನ್ನೆಲ್ಲ ಈಗ ಅವಳು ಅವನ ಮೇಲೆ ಪ್ರಯೋಗಿಸುತ್ತಾಳೆ. ಇಂಥ ಹೊಡೆದಾಟವನ್ನು ಬೇರೆ ಯಾವ ಕಲೆಯೂ ಕಟ್ಟಲಾರದು.

ಇನ್ನು ಆಚೆಯವರ ಮಾತು. ಮೊದಲನೆಯ ದೂರು ಸರಳ, ಅಷ್ಟೇ ನ್ಯಾಯವಾದದ್ದು: ದುಡಿದದ್ದು ಹೋಯಿತು. ಎಲೀಗಾಗಿ ಮೂಲೆಮೂಲೆ ಹುಡುಕಿ ಮಾತ್ರೆ ಆಯ್ದು ಕೌಶಲ ಬೆಳೆಸಿದ್ದು, ಗುಜರಿ ಕೂಡಿಸಿ ಕೆಲಸದ ಮೇಜಿನ ಮೇಲೆ ಬಂದೂಕುಗಳನ್ನು ಒಂದೊಂದಾಗಿ ತಿದ್ದಿದ್ದು ಎಲ್ಲ ಅರ್ಧದಾರಿಯಲ್ಲಿ ಬದಿಗೆ ಸರಿಯಿತು. ಆ್ಯಬಿಯೊಂದಿಗೆ ಮತ್ತೆ ಅ ಆ ಇ ಈ. ಕಾದಂಬರಿಯಲ್ಲಿ ಅಧ್ಯಾಯ ಬದಲಾದರೆ ಓದುಗನ ಓದುವ ಶಕ್ತಿ ಕುಂದುವುದಿಲ್ಲವಲ್ಲ! ಅದರ ಮೇಲೆ, ಬಿಗಿಯಾಗಿ ಎಳೆದ ಕತೆಯನ್ನು ತುತ್ತತುದಿಯಲ್ಲಿ ಕತ್ತರಿಸಿ, ತಾಸುಗಟ್ಟಲೆ ಬೇರೆ ದಾರಿಯಲ್ಲಿ ಸುತ್ತಿಸಿದರೆ ಉದ್ವೇಗ ಬೆಳೆಯುವುದಕ್ಕಿಂತ ಆರುವುದೇ ಹೆಚ್ಚು. ಥಿಯೇಟರಿಗೆ ಮರಳುವ ಹೊತ್ತಿಗೆ ಅಲ್ಲಿ ಯಾರು ಯಾರ ತಲೆಗೆ ಗುರಿಯಿಟ್ಟಿದ್ದರೆಂದು ನೆನಪು ಮಾಡಿಕೊಳ್ಳಬೇಕಾದವರು ಕಡಿಮೆಯೇನಿಲ್ಲ.

ಎರಡನೆಯ ದೂರು ಇನ್ನೂ ಹರಿತ. ಅಕ್ವೇರಿಯಂನಲ್ಲಿ ಆಲಿಸ್ ಎಂಬ ನಾಯಿ ಎಲೀಯ ಮೇಲೆ ಎರಗುತ್ತದೆ. ಬಟನ್ ಒತ್ತಿ ಅದನ್ನು ಇರಿಯಲೇಬೇಕು, ಇಲ್ಲವಾದರೆ ಎಲೀ ಸಾಯುತ್ತಾಳೆ. ಮುಂದೆ ಆ್ಯಬಿಯಾಗಿ ಅದೇ ಆಲಿಸ್‌ಗೆ ಆಟಿಕೆ ಎಸೆದು ಆಡಿಸುವ ದೃಶ್ಯ. ಬಿಡುವ ದಾರಿಯನ್ನೇ ಕೊಡದೆ ಕೊಲ್ಲಿಸಿ, ಆಮೇಲೆ 'ನೋಡು, ಎಂಥ ಮುದ್ದು ನಾಯಿ' ಎಂದು ಪಾಪದ ಬಿಲ್ಲನ್ನು ಆಟಗಾರನ ಹೆಸರಿಗೆ ಹರಿದರೆ ಅದು ಸಹಾನುಭೂತಿಯ ಪಾಠವೇ, ಕಣ್ಣೀರು ಕೀಳುವ ತಂತ್ರವೇ? ಪರ ವಾದಿಗಳ ಉತ್ತರ ಗೊತ್ತಿರುವುದೇ: ಎಲೀ ನೀನಲ್ಲ, ಇದು ಅವಳ ಕತೆ, ನೀನು ಜೊತೆಗೆ ನಡೆದವನು ಮಾತ್ರ. ಹಾಗಾದರೆ ಬಟನ್ ಯಾಕೆ ನನ್ನ ಕೈಯಲ್ಲಿ? ನೋರಾಳ ದೃಶ್ಯದಲ್ಲಿ ಕೈ ನನ್ನದು, ನಾಯಿಯ ದೃಶ್ಯದಲ್ಲಿ ಅಲ್ಲ ಎಂದರೆ ನಡೆಯುವುದಿಲ್ಲ. ಈ ಪ್ರಶ್ನೆಗೆ ಪರ ಪಕ್ಷದವರಿಂದ ಗಟ್ಟಿ ಉತ್ತರ ನನಗಿನ್ನೂ ಸಿಕ್ಕಿಲ್ಲ.

ಬಲವಂತವೇ ಇಲ್ಲದೆ ಇದೇ ಕೆಲಸ ಆಗದೇ ಎಂದರೆ, ಆದದ್ದುಂಟು. ಜಪಾನಿನ ಗೇಮ್‌ಗಳು ಈ ದಾರಿಯಲ್ಲಿ ಬಹಳ ಹಿಂದೆಯೇ ನಡೆದಿವೆ. 1990ರ 'ಡ್ರ್ಯಾಗನ್ ಕ್ವೆಸ್ಟ್ 4' ನಾಯಕನನ್ನು ಐದನೆಯ ಅಧ್ಯಾಯದವರೆಗೆ ಕಾಯಿಸಿ, ಅಷ್ಟರವರೆಗೆ ಒಬ್ಬ ಸೈನಿಕ, ಒಬ್ಬ ರಾಜಕುಮಾರಿ, ಒಬ್ಬ ವ್ಯಾಪಾರಿ, ಇಬ್ಬರು ಅಕ್ಕತಂಗಿಯರ ಕತೆ ಆಡಿಸಿತು. ವ್ಯಾಪಾರಿ ಟೊರ್ನೆಕೊ ಮೊದಲು ಪರರ ಅಂಗಡಿಯಲ್ಲಿ ಗಲ್ಲೆಯ ಹಿಂದೆ ನಿಂತು ಕತ್ತಿ ಮಾರುತ್ತಾನೆ, ಸ್ವಂತ ಅಂಗಡಿಯೇ ಅವನ ಕನಸು. 2002ರ 'ಸುಯ್ಕೋಡೆನ್ 3' ಇನ್ನೂ ಹತ್ತಿರದ ಉದಾಹರಣೆ. ಬುಡಕಟ್ಟಿನ ಹುಡುಗ ಹ್ಯೂಗೋನ ಜೀವದ ಗೆಳೆಯ ಲುಲು. ಹೊತ್ತಿ ಉರಿಯುವ ಹಳ್ಳಿಯಲ್ಲಿ ಆವೇಶದಿಂದ ಮೇಲೆರಗಿದ ಲುಲುವನ್ನು ಕ್ರಿಸ್ ಎಂಬ ಯೋಧೆ ಕಡಿದುಹಾಕುತ್ತಾಳೆ. ಕ್ರಿಸ್ ಕೂಡ ಅಲ್ಲಿ ನಾಯಕಿಯೇ. ಆದರೆ ಯಾರ ಕತೆ ಮೊದಲು ಎಂಬ ತೀರ್ಮಾನ ಆಟಗಾರನದು. ಹ್ಯೂಗೋನಿಂದ ಶುರುಮಾಡಿದವರಿಗೆ ಕ್ರಿಸ್ ಕೊಲೆಗಾತಿ. ಕ್ರಿಸ್‌ಳಿಂದ ಶುರುಮಾಡಿದವರಿಗೆ ಅದೊಂದು ಕ್ಷಣದ ದುರಂತ. ಬಲವಂತವಿಲ್ಲ ನಿಜ, ಆದರೆ ಗಾಯವೂ ಅಷ್ಟು ಆಳವಾಗಿ ಆಗುವುದಿಲ್ಲ. ಎರಡೂ ಬೇಕೆಂದರೆ ಸಿಗದು.

ಹೆಣಿಗೆಯ ಮಟ್ಟಿಗೆ ಹೇಳುವುದಾದರೆ ನಾನು ಕಂಡ ಅತ್ಯಂತ ಗಟ್ಟಿ ಕೆಲಸ ವೆನಿಲಾವೇರ್ ಸಂಸ್ಥೆಯ '13 ಸೆಂಟಿನೆಲ್ಸ್: ಏಜಿಸ್ ರಿಮ್'. ಜಪಾನಿನಲ್ಲಿ ಇದು 2019ರಲ್ಲಿ ಬಂತು. ಹದಿಮೂರು ಜನ ಹದಿಹರೆಯದವರು, ಕತೆ 1985ರ ಊರೊಂದರ ಸುತ್ತ, ಆದರೆ ಕೆಲವರು 1945ರಿಂದ ಬಂದವರು, ಇನ್ನು ಕೆಲವರು ಮುಂದಿನ ಶತಮಾನದ ಸಂಗತಿ ಬಲ್ಲವರು. ಯಾರ ಕತೆ ಬೇಕಾದರೂ ಆರಿಸಿಕೊಳ್ಳಬಹುದು, ಆದರೆ ಒಬ್ಬನ ಕತೆ ಮುಂದೆ ಹೋಗಬೇಕಾದರೆ ಇನ್ನೊಬ್ಬಳ ಕತೆ ಇಂಥ ಹಂತ ಮುಟ್ಟಿರಬೇಕು ಎಂಬ ಬೀಗಗಳಿವೆ. ಯುದ್ಧಕಾಲದಿಂದ ಬಂದ ಹಿಜಿಯಾಮ ಎಂಬ ಬಿಗುಮಾನದ ಹುಡುಗ ಬ್ರೆಡ್ಡಿನ ನಡುವೆ ನೂಡಲ್ಸ್ ತುಂಬಿದ ಯಾಕಿಸೋಬ ಪ್ಯಾನ್‌ಗೆ ಮರುಳಾಗುವುದು ಬರೀ ತಮಾಷೆ ಎಂದುಕೊಂಡಿರುತ್ತೇವೆ. ಅವನಿಗೆ ಅದನ್ನು ಕೊಡಿಸುವವರ ಗುಟ್ಟು ಮುಂದೆ ಬಿಚ್ಚಿಕೊಳ್ಳುತ್ತದೆ. ತಲೆ ಗಿರ್ರೆನ್ನುತ್ತದೆ, ಸುಳ್ಳಲ್ಲ. ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿಟ್ಟ ಕಡತದ ವಿಭಾಗವೊಂದನ್ನು ಗೇಮ್‌ನೊಳಗೇ ಕೊಟ್ಟಿದ್ದಾರೆ ಎಂದರೆ ತಯಾರಕರಿಗೂ ಅದು ಗೊತ್ತಿತ್ತು.

ಇದರ ಇನ್ನೊಂದು ತುದಿ 2018ರ 'ಆಕ್ಟೋಪಾತ್ ಟ್ರಾವೆಲರ್'. ಎಂಟು ಜನ ಒಟ್ಟಿಗೆ ತಿರುಗುತ್ತಾರೆ, ಆದರೆ ಒಬ್ಬರ ಮುಖ್ಯ ದೃಶ್ಯ ಬಂದಾಗ ಉಳಿದ ಏಳು ಮಂದಿ ಎಲ್ಲಿಗೋ ಮಾಯ. ಪಕ್ಕದಲ್ಲೇ ನಿಂತವರಿಗೆ ಪರಸ್ಪರರ ದುಃಖ ಕೇಳಿಸದು. 2023ರ ಎರಡನೆಯ ಭಾಗದಲ್ಲಿ ಜೋಡಿಕತೆಗಳನ್ನು ಸೇರಿಸಿ ಈ ಹುಳುಕು ಸ್ವಲ್ಪ ಮುಚ್ಚಿದರು. 'ರೆಸಿಡೆಂಟ್ ಈವಿಲ್ 2'ರ ಕತೆ ತಿರುಗುಮುರುಗು. 1998ರ ಮೂಲದಲ್ಲಿ ಒಬ್ಬರು ಎತ್ತಿಕೊಂಡ ಬಂದೂಕು ಇನ್ನೊಬ್ಬರಿಗೆ ಸಿಗದು ಎಂಬಷ್ಟು ಲಿಯಾನ್ ಮತ್ತು ಕ್ಲೇರ್ ಎಂಬ ಇಬ್ಬರು ಮುಖ್ಯ ಪಾತ್ರಗಳ ಕತೆ ಹೆಣೆದುಕೊಂಡಿತ್ತು. 2019ರ ಮರುನಿರ್ಮಾಣದಲ್ಲಿ ಒಂದೇ ದೈತ್ಯನನ್ನು ಒಂದೇ ಜಾಗದಲ್ಲಿ ಇಬ್ಬರೂ ಬೇರೆಬೇರೆಯಾಗಿ ಸೋಲಿಸುತ್ತಾರೆ. ಲೆಕ್ಕ ತಾಳೆಯಾಗುವುದಿಲ್ಲ.

ಮತ್ತೆ ಎಲೀ-ಆ್ಯಬಿಯರ ಕಡೆಗೆ. 2025ರ ಜುಲೈಯಲ್ಲಿ ನಾಟಿ ಡಾಗ್ ಒಂದು ಕುತೂಹಲದ ಕೆಲಸ ಮಾಡಿತು. ಹೊಸ ಆವೃತ್ತಿಗೆ ಉಚಿತ ಅಪ್‌ಡೇಟ್ ಕೊಟ್ಟು, ಇಡೀ ಕತೆಯನ್ನು ಕಾಲಕ್ರಮದಲ್ಲಿ ಆಡುವ ದಾರಿ ತೆರೆಯಿತು. ಐದು ವರ್ಷದ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ? ಈ ಕ್ರಮದಲ್ಲಿ ಆ್ಯಬಿಯ ತಂದೆ ವೈದ್ಯನೆಂದೂ, ಮೊದಲ ಗೇಮ್‌ನ ಕೊನೆಗೆ ಜೋಯಲ್ ಕೈಯಲ್ಲಿ ಸತ್ತವನೆಂದೂ ಮೊದಲೇ ಗೊತ್ತಾಗಿಬಿಡುತ್ತದೆ. ಗಾಲ್ಫ್ ಕೋಲು ಎತ್ತಿದವಳು ಅಪರಿಚಿತಳಲ್ಲ, ಅನಾಥ ಮಗಳು. ಸಿಯಾಟಲ್‌ನಲ್ಲಿ ಇಬ್ಬರ ದಿನಗಳೂ ಒಂದರ ಪಕ್ಕ ಒಂದು ಸಾಗುತ್ತವೆ, ಥಿಯೇಟರಿನ ಘಟ್ಟ ತುಂಡಾಗುವುದಿಲ್ಲ.

'ಆ್ಯಬಿಯನ್ನು ಮೊದಲೇ ಪರಿಚಯಿಸಿದ್ದರೆ ಒಪ್ಪುತ್ತಿದ್ದೆವು' ಎಂದವರಿಗೆ ಇದು ಅವರು ಕೇಳಿದ್ದೇ. ಕತೆ ಹೆಚ್ಚು ನ್ಯಾಯವಂತವಾಗುತ್ತದೆ, ಸುಗಮವೂ ಆಗುತ್ತದೆ. ಆದರೆ ದ್ವೇಷವೇ ಹುಟ್ಟದಿದ್ದರೆ ಅದನ್ನು ಕಳಚುವುದೇನು ಬಂತು? ಎರಡು ಪಕ್ಷದ ಕತೆಯನ್ನೂ ಮೊದಲೇ ಕೇಳಿಕೊಂಡ ನ್ಯಾಯಾಧೀಶರಾಗಿ ನಾವು ಆಡುತ್ತೇವೆ. ಮೂಲದಲ್ಲಿ ನಮ್ಮನ್ನು ಕಕ್ಷಿದಾರರನ್ನಾಗಿ ಮಾಡಿ, ಆಮೇಲೆ ಎದುರು ಪಕ್ಷದ ಬೆಂಚಿಗೆ ಎಳೆದುಕೊಂಡು ಹೋಗಿದ್ದರು. ಆ ಎಳೆತ ಒರಟಾಗಿತ್ತು, ಆ್ಯಬಿಯ ಭಾಗ ಅಗತ್ಯಕ್ಕಿಂತ ಉದ್ದವಾಗಿತ್ತು, ಅವಳ ಒಳ್ಳೆಯತನಕ್ಕೆ ನಾಯಿಯಿಂದ ಹಿಡಿದು ಮಕ್ಕಳವರೆಗೆ ಸಾಕ್ಷಿ ಕರೆಸಿದ್ದೂ ಅತಿಯಾಯಿತು. ಇಷ್ಟೆಲ್ಲ ಒಪ್ಪಿಕೊಂಡೂ ನನ್ನ ಓಟು ಮೂಲದ ಕ್ರಮಕ್ಕೇ.

ಹಾಗಾಗಿ ಇನ್ನೂ ಆಡದವರು ಮೊದಲ ಸಲ 2020ರ ಕ್ರಮದಲ್ಲೇ ಆಡಿ, ಕಾಲಕ್ರಮವನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ. ಥಿಯೇಟರಿನ ಹತ್ತಿರ ರೋಸಿಹೋಗಿ ಕೈಬಿಟ್ಟವರಿದ್ದರೆ, ನಿಮ್ಮ ಸಿಟ್ಟು ತಪ್ಪಲ್ಲ. ಆದರೂ ಆ ತೂಗುಸೇತುವೆಯವರೆಗಾದರೂ ಆಡಿ ನೋಡಿ, ಆಮೇಲೆ ಬೇಡವೆನಿಸಿದರೆ ಆರಾಮಾಗಿ ನಿಲ್ಲಿಸಿ.